ಹೋಜೋ-ಆನ್

ಹೋಜೋ-ಆನ್ ಎಂಬುದು ಜಪಾನಿನ ಕವಿ, ಬೌದ್ಧ ಸನ್ಯಾಸಿ ಕಾಮೊ ನೊ ಚೋಮೆ (ನಿಧನ 1216) ಕ್ಯೋಟೋ ನಗರದ ಆಗ್ನೇಯಕ್ಕಿರುವ ಹಿನೊ ಬೆಟ್ಟದಲ್ಲಿ ಕಟ್ಟಿಕೊಂಡಿದ್ದ ಧ್ಯಾನಕುಟೀರ. ಉದ್ದಗಲ ಸುಮಾರು 3 ಮೀಟರ್. ಎತ್ತರ ಏಳು ಅಡಿಗಿಂತ ಕಡಿಮೆ. ಇದರ ವಿವರಗಳು ಆತ 1212ರಲ್ಲಿ ರಚಿಸಿದ 'ಹೋಜೋಕಿ' ಕೃತಿಯಲ್ಲಿ ದೊರೆಯುತ್ತವೆ.

ರಾಜಧಾನಿಯ ಭವ್ಯ ಮನೆಗಳು 1177ರ ಬೆಂಕಿಗೂ 1185ರ ಭೂಕಂಪಕ್ಕೂ ತುತ್ತಾದುದನ್ನು ಕಂಡಿದ್ದ ಚೋಮೆ, ಶಾಶ್ವತವಾದ ಮನೆಯ ಆಸೆಯನ್ನೇ ಬಿಟ್ಟನು. ಕುಟೀರದ ಕೀಲುಗಳನ್ನು ಲೋಹದ ಕೊಂಡಿಗಳಿಂದ ಜೋಡಿಸಲಾಗಿತ್ತು. ಸ್ಥಳ ಹಿಡಿಸದಿದ್ದರೆ ಬಿಚ್ಚಿ ಎರಡೇ ಬಂಡಿಗಳಲ್ಲಿ ಸಾಗಿಸಬಹುದಿತ್ತು. ಖರ್ಚೆಂದರೆ ಬಂಡಿಯ ಬಾಡಿಗೆ ಮಾತ್ರ. ಒಳಗಿದ್ದ ತಂತಿವಾದ್ಯಗಳು ಸಹ ಮಡಚುವ, ಬಿಚ್ಚುವ ಬಗೆಯವು.

ನೀರು ಬಿದಿರಿನ ದೋಣಿಯ ಮೂಲಕ ಕಲ್ಲುಗಳ ನಡುವಿನ ತೊಟ್ಟಿಗೆ ಬರುತ್ತಿತ್ತು. ಉರುವಲಿಗೆ ಪಕ್ಕದ ಕಾಡಿನ ಪುಳ್ಳೆ, ಹಾಸಿಗೆಗೆ ಒಣಗಿದ ಜರೀಗಿಡ. ಉತ್ತರದಲ್ಲಿ ಅಮಿತಾಭ ಬುದ್ಧನ ಚಿತ್ರವಿತ್ತು. ಕಣಿವೆ ಮರಗಳಿಂದ ತುಂಬಿದ್ದರೂ ಪಶ್ಚಿಮ ದಿಕ್ಕು ತೆರೆದಿತ್ತು. ಅಮಿತಾಭನ ಲೋಕ ಪಶ್ಚಿಮದಲ್ಲಿದೆ ಎಂಬ ನಂಬಿಕೆಯಿಂದ ಇದು ಧ್ಯಾನಕ್ಕೆ ಅನುಕೂಲವಾಗಿತ್ತು.

ಕೃತಿಯ ಕೊನೆಯ ಭಾಗ ಗಮನಾರ್ಹ. ಇಷ್ಟು ಹಗುರವಾದ ಗುಡಿಸಲಿನ ಮೇಲಿನ ಪ್ರೀತಿಯೂ ಮೋಹವೇ, ಮುಕ್ತಿಗೆ ಅಡ್ಡಿಯೇ ಎಂದು ಚೋಮೆ ತನ್ನನ್ನೇ ಕೇಳಿಕೊಳ್ಳುತ್ತಾನೆ. ನೇರ ಉತ್ತರ ಕೊಡುವುದಿಲ್ಲ.

ಮೂಲ ಕುಟೀರ ಉಳಿದಿಲ್ಲ. ಅದರ ಪ್ರತಿಕೃತಿಯೊಂದನ್ನು ಕ್ಯೋಟೋದ ಶಿಮೊಗಾಮೊ ಶಿಂಟೊ ಮಂದಿರದ ಆವರಣದಲ್ಲಿ ನಿರ್ಮಿಸಲಾಗಿದೆ.