ಪಹಣಿಯ ಹೆಸರೂ ಪಟ್ಟಿಯ ಹೆಸರೂ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ ಹೋಬಳಿಯು ತೆಂಗಿನ ಸೀಮೆಗೆ ಸೇರಿದುದು. ಇಲ್ಲಿ ಒಂದು ಮನೆತನದ ಸ್ಥಿತಿಗತಿಯನ್ನು ತೋಟದ ಮರಗಳ ಲೆಕ್ಕದಿಂದ ಹೇಳುವುದುಂಟು. ರಾಜ್ಯಕಾರ್ಯದಲ್ಲಿ ಮಾತನಾಡುವ ಹಕ್ಕೂ ಒಂದು ಕಾಲದಲ್ಲಿ ಹೀಗೆಯೇ ಆಸ್ತಿಯನ್ನು ಅನುಸರಿಸಿತ್ತು. ಅದು ಆಸ್ತಿಯನ್ನು ಬಿಟ್ಟು ಹೆಸರನ್ನು ಆಶ್ರಯಿಸಿದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ದಿವಾನ್ ರಂಗಾಚಾರ್ಲು ಅವರು 1881ನೆಯ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಸೇರಿಸಿದರು. ಅದರಲ್ಲಿ 144 ಮಂದಿ ಸದಸ್ಯರಿದ್ದರು. ಸಂಸ್ಥಾನದ ತಾಲ್ಲೂಕುಗಳಿಂದ ಬಂದ ಈ ಹಿಡುವಳಿದಾರರನ್ನೂ ವರ್ತಕರನ್ನೂ ಪ್ರಜೆಗಳು ಚುನಾಯಿಸಿದ್ದಿಲ್ಲ. ಚುನಾವಣೆಯ ಪದ್ಧತಿ ಬಂದುದು 1891ರಲ್ಲಿ. ಆಗಲೂ ಮತದ ಅಧಿಕಾರವು ಮುಖ್ಯವಾಗಿ ಗೊತ್ತಾದಷ್ಟು ಕಂದಾಯ ಕೊಡತಕ್ಕವರಿಗೇ ಮೀಸಲಾಗಿದ್ದಿತು. ತೋಟದ ಒಡೆಯನಿಗೆ ಮತವಿದ್ದಿರಬಹುದು; ಮರವೇರಿ ಕಾಯಿ ಕೆಡಹುವವನಿಗಾಗಲಿ, ಕೊಬ್ಬರಿ ಸುಲಿಯುವ ಹೆಂಗಸಿಗಾಗಲಿ ಅದು ದೂರದ ಮಾತು. 1923ರ ಸುಧಾರಣೆಯಿಂದ ಆಸ್ತಿಯ ಮಿತಿ ತಗ್ಗಿತು. ಸ್ತ್ರೀಯರಿಗಿದ್ದ ಪ್ರತಿಬಂಧವೂ ತೊಲಗಿತು. ಆದರೆ ಸ್ವಂತ ಹೆಸರಿನಲ್ಲಿ ಭೂಮಿಯುಳ್ಳ ಸ್ತ್ರೀಯರು ಎಷ್ಟು ಮಂದಿ?

ಸ್ವತಂತ್ರ ಭಾರತವು ಈ ಗಂಟನ್ನು ಒಂದೇ ಏಟಿಗೆ ಕಡಿಯಿತು. 1948ರಲ್ಲಿ, ಸಂವಿಧಾನವು ಸಿದ್ಧವಾಗುವುದಕ್ಕೆ ಮುನ್ನವೇ, ವಯಸ್ಕರೆಲ್ಲರ ಪಟ್ಟಿಯ ಕೆಲಸಕ್ಕೆ ಕೈಹಚ್ಚಲಾಯಿತು. ಇಪ್ಪತ್ತೊಂದು ವರ್ಷ ತುಂಬಿದವರಿಗೆಲ್ಲ, ಹೊಲವಿರಲಿ ಇಲ್ಲದಿರಲಿ, ಮತವುಂಟೆಂದಾಯಿತು. 1951–52ರ ಮೊದಲ ಮಹಾಚುನಾವಣೆಯ ಪಟ್ಟಿಯಲ್ಲಿ ಸುಮಾರು 17 ಕೋಟಿ 30 ಲಕ್ಷ ಹೆಸರುಗಳಿದ್ದವು.

ಆದರೆ ಹೆಸರಿನಲ್ಲಿಯೇ ಒಂದು ವಿಘ್ನವೊದಗಿತು. ನಮ್ಮ ಕಡೆಯ ಹಳೆಯ ಕಾಲದ ಗೃಹಿಣಿಯರು ಗಂಡನ ಹೆಸರನ್ನು ನೇರವಾಗಿ ನುಡಿಯದೆ ಒಗಟಿನಲ್ಲಿ ಹುದುಗಿಸಿ ಹೇಳುತ್ತಿದ್ದುದನ್ನು ವಾಚಕರು ಬಲ್ಲರು. ಉತ್ತರದ ಬಿಹಾರ, ರಾಜಸ್ಥಾನ ಮೊದಲಾದೆಡೆಗಳಲ್ಲಿ ಅನೇಕ ಸ್ತ್ರೀಯರು ತಮ್ಮ ಹೆಸರನ್ನೇ ಹೇಳಲೊಲ್ಲದೆ, ಇಂಥವರ ತಾಯಿ, ಇಂಥವರ ಹೆಂಡತಿ ಎಂದು ಮಾತ್ರ ಬರೆಯಿಸಿದರು. ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಇಂತಹ ನಮೂದುಗಳನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ಇದು ಕಠಿನವೆಂದು ತೋರಬಹುದು. ಆದರೆ ತಾಯಿಯೂ ಹೆಂಡತಿಯೂ ಆಗಿರುವವಳು ಮೊದಲು ತಾನೇ ಒಬ್ಬ ಪ್ರಜೆಯೆಂಬ ತತ್ತ್ವವು ಅದರಿಂದ ಸ್ಥಿರಪಟ್ಟಿತು.

ಮತದ ವಯಸ್ಸು 1989ರಿಂದ ಹದಿನೆಂಟಕ್ಕೆ ಇಳಿದಿದೆ. 2022ರಿಂದ ವರ್ಷಕ್ಕೆ ನಾಲ್ಕು ದಿನಾಂಕಗಳನ್ನು, ಎಂದರೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳ ಮೊದಲ ದಿನವನ್ನು, ವಯಸ್ಸಿನ ಗಣನೆಗೆ ಗೊತ್ತುಮಾಡಿದೆ. ಹೊಸ ಹೆಸರಿಗೆ ಆರನೆಯ ನಮೂನೆ. ತಿದ್ದುಪಡಿಗೂ ವಾಸಸ್ಥಳದ ಬದಲಾವಣೆಗೂ ಎಂಟನೆಯದು. ಗುರುತಿನ ಚೀಟಿಯೊಂದಿದ್ದರೆ ಸಾಕೆಂಬುದು ತಪ್ಪು ತಿಳಿವಳಿಕೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮತವಿಲ್ಲ. ನಾಮಪತ್ರ ಸಲ್ಲಿಕೆಯ ಕಡೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಹೆಸರು ಸೇರಿಸಲು ಕಾನೂನು ಅವಕಾಶ ಕೊಡದು.

ಪಹಣಿಯಲ್ಲಿ ಒಂದಕ್ಷರ ತಪ್ಪಿದರೆ ನಾವು ತಾಲ್ಲೂಕು ಕಚೇರಿಗೆ ಹತ್ತು ಸಲ ತಿರುಗುತ್ತೇವೆ. ಬೇರೆ ಊರಿಂದ ಬಂದ ಸೊಸೆಯ ಹೆಸರು, ಹದಿನೆಂಟು ತುಂಬಿದ ಮಗಳ ಹೆಸರು ಮತದಾರರ ಪಟ್ಟಿಗೆ ಏರಿದೆಯೇ ಎಂದು ನೋಡುವವರು ವಿರಳ. ಪಹಣಿಯು ಒಡೆತನವುಳ್ಳವನನ್ನು ಮಾತ್ರ ಬಲ್ಲುದು. ಈ ಪಟ್ಟಿಯಾದರೋ ಮನೆಯ ವಯಸ್ಕರೆಲ್ಲರನ್ನೂ ಸಮನಾಗಿ ಕೂರಿಸುತ್ತದೆ. ಅಷ್ಟು ಕಷ್ಟದಿಂದ ದೊರೆತ ಆ ಸಾಲನ್ನು ನಮ್ಮ ಆಲಸ್ಯದಿಂದ ಬರಿದಾಗಿಸಬಾರದು.