ವಜಾ ಆದ ಸಿಪಾಯಿಯ ಕಾಗದ

ಕೊಯಮತ್ತೂರಿನಲ್ಲಿ ಬ್ಯಾಂಕ್ ಗುಮಾಸ್ತನಾಗಿ ಕೂತವನಿಗೆ ಸೈನಿಕರ ಕಾಗದಪತ್ರಗಳ ಪರಿಚಯ ತಾನಾಗಿಯೇ ಆಗುತ್ತದೆ. ಸೂಲೂರಿನಲ್ಲಿ ವಾಯುಪಡೆಯ ನೆಲೆಯಿದೆ. ಗೋವಾಕ್ಕೆ ಹೋಗುವ ಮೊದಲು, 1961ರಿಂದ 1964ರವರೆಗೆ, ನೌಕಾದಳದ ‘ಹಂಸ’ ವಿಮಾನಕೇಂದ್ರವೂ ಅಲ್ಲೇ ಇತ್ತು. ಪೇಟೆಯೊಳಗೆ ನೌಕಾದಳದ ‘ಅಗ್ರಣಿ’ ತರಬೇತಿ ಕೇಂದ್ರ, ಟೆರಿಟೋರಿಯಲ್ ಆರ್ಮಿಯ ಬೆಟಾಲಿಯನ್, ಭೂಸೇನೆಯ ಭರ್ತಿ ಕಚೇರಿ ಇವೆ. 2009ರಲ್ಲಿ ಬೇರೆ ಜಿಲ್ಲೆಯಾದ ತಿರುಪ್ಪೂರಿನ ಹುಡುಗರಿಗೂ ಭರ್ತಿಗೆ ಇದೇ ಕಚೇರಿ. ಹೀಗಾಗಿ ಪಿಂಚಣಿ ಕೌಂಟರಿನಲ್ಲಿ ಡಿಸ್‌ಚಾರ್ಜ್ ಪುಸ್ತಕ ನೋಡದ ತಿಂಗಳಿಲ್ಲ.

ಪಿಂಚಣಿಯಿಲ್ಲದೆ ಬರುವವರೂ ಇದ್ದಾರೆ. ನಡತೆಯ ಕಾರಣಕ್ಕೆ ನಡುವಿನಲ್ಲೇ ಸೇನೆ ಬಿಟ್ಟು ಬಂದವರು. ತಿರುಪ್ಪೂರಿನ ಬನಿಯನ್ ಕಂಪೆನಿಗಳ ಗೇಟಿನಲ್ಲಿ ವಾಚ್‌ಮನ್ ಕೆಲಸ ಮಾಡುವವರು. ಖಾತೆಯ ಕೆಲಸ ಮುಗಿದ ಮೇಲೆ ಅವರು ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದೇ: “ಮತ್ತೆ ಸೇರಿಕೊಳ್ಳಲು ಆಗುತ್ತದೆಯೇ ಸಾರ್?” ಈ ಪ್ರಶ್ನೆ ಅವರೊಬ್ಬರದಲ್ಲ. ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಮ್ಮ ದೇಶವೇ ಸಾವಿರಾರು ಸೈನಿಕರ ಪರವಾಗಿ ಇದನ್ನು ಎದುರಿಸಬೇಕಾಯಿತು. ಆಗ ಬಂದ ಉತ್ತರವನ್ನು ತಿಳಿದರೆ ಈಗಿನ ಉತ್ತರವೂ ಅರ್ಥವಾಗುತ್ತದೆ.

1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರ ವಶವಾಯಿತು. ಸೆರೆಸಿಕ್ಕ ಭಾರತೀಯ ಸೈನಿಕರಲ್ಲಿ ಅನೇಕರು ಆಜಾದ್ ಹಿಂದ್ ಫೌಜ್ ಸೇರಿದರು. ಯುದ್ಧ ಮುಗಿದಾಗ ಬ್ರಿಟಿಷ್ ಸೇನೆ ಅವರನ್ನು ಮೂರು ಬಣ್ಣಗಳಲ್ಲಿ ವಿಂಗಡಿಸಿತು: ಬಿಳಿ, ಬೂದು, ಕಪ್ಪು. ಬಿಳಿಯವರು ನಿಷ್ಠೆ ಬಿಡದವರು. ಅವರಿಗೆ ಹಳೆಯ ಕೆಲಸ ಮರಳಿ ದೊರೆಯಿತು. ಬೂದು ಎಂದರೆ ಅನುಮಾನಕ್ಕೆ ಒಳಗಾದವರು. ಕಪ್ಪು ಪಟ್ಟಿಯವರು ವಜಾ ಆದರು. ಸೆರೆಯಲ್ಲಿದ್ದ ಕಾಲದ ಸಂಬಳವೂ ಮುಟ್ಟುಗೋಲಾಯಿತು. ಮನೆಗೆ ಹೋದವನ ಕೈಯಲ್ಲಿದ್ದ ಕಾಗದವೇ ಅವನ ಗುರುತಾಯಿತು.

ಕೆಂಪುಕೋಟೆಯ ವಿಚಾರಣೆ 1945ರ ನವೆಂಬರ್ 5ರಿಂದ ಡಿಸೆಂಬರ್ 31ರವರೆಗೆ ನಡೆಯಿತು. ಆರೋಪಿಗಳು ಶಾ ನವಾಜ್ ಖಾನ್, ಪ್ರೇಮ್ ಸಹಗಲ್, ಗುರ್‌ಬಕ್ಷ್ ಸಿಂಗ್ ಧಿಲ್ಲೋನ್. ಭೂಲಾಭಾಯಿ ದೇಸಾಯಿ ಮುಖ್ಯ ವಕೀಲರು. ಹಲವು ವರ್ಷಗಳ ಮೇಲೆ ಜವಾಹರಲಾಲ್ ನೆಹರೂ ಕೂಡ ಬ್ಯಾರಿಸ್ಟರ್ ಗೌನು ತೊಟ್ಟರು. ಮೂವರಿಗೂ ಆಜೀವ ದ್ವೀಪಾಂತರ, ಪದಚ್ಯುತಿ ಮತ್ತು ಸಂಬಳದ ಬಾಕಿಯ ಮುಟ್ಟುಗೋಲು ವಿಧಿಸಲಾಯಿತು. 1946ರ ಜನವರಿ 3ರಂದು ಸೇನಾಧಿಪತಿ ಆಕಿನ್‌ಲೆಕ್ ದ್ವೀಪಾಂತರವನ್ನು ರದ್ದು ಮಾಡಿದರು. ಪದಚ್ಯುತಿಯನ್ನೂ ಮುಟ್ಟುಗೋಲನ್ನೂ ಹಾಗೆಯೇ ಉಳಿಸಿದರು. ಜನ ಹೂಮಾಲೆ ಹಾಕಿ ಮೆರವಣಿಗೆ ಮಾಡಿದ ಮೂವರೂ ಸೇನೆಯ ದಫ್ತರದಲ್ಲಿ ಹೊರಹಾಕಲ್ಪಟ್ಟವರಾಗಿಯೇ ಉಳಿದರು.

ಅದೇ ವರ್ಷದ ಫೆಬ್ರವರಿ 18ರಂದು ಮುಂಬಯಿಯ ‘ತಲವಾರ್’ ಕೇಂದ್ರದ ನಾವಿಕರು ಮುಷ್ಕರ ಹೂಡಿದರು. ಕೆಟ್ಟ ಊಟ, ಅಧಿಕಾರಿಯ ಬೈಗುಳ, ಕಡಿಮೆ ಸಂಬಳ ತಕ್ಷಣದ ಕಾರಣಗಳಾದರೂ ಆಜಾದ್ ಹಿಂದ್ ಸೈನಿಕರ ಬಿಡುಗಡೆಯೂ ಅವರ ಬೇಡಿಕೆಗಳಲ್ಲಿ ಸೇರಿತ್ತು. 78 ಹಡಗುಗಳಿಗೂ ಸುಮಾರು 20,000 ನಾವಿಕರಿಗೂ ಮುಷ್ಕರ ಹರಡಿತು. ಸರ್ದಾರ್ ಪಟೇಲರ ಸಲಹೆಯಂತೆ 23ರಂದು ಶರಣಾದರು. ಅದಾದ ಮೇಲೆ ಒಟ್ಟು 476 ಮಂದಿಯನ್ನು ನೌಕಾದಳದಿಂದ ಹೊರಹಾಕಲಾಯಿತು.

ಆಗಸ್ಟ್ 15 ಬಂತು, ಬ್ರಿಟಿಷರು ಹೋದರು. ಬ್ರಿಟಿಷರು ಬರೆದ ವಜಾ ಆದೇಶವೂ ಅವರೊಂದಿಗೆ ಹೋಗುವುದೆಂದು ಈ ಮಂದಿ ನಂಬಿದ್ದರೆ ತಪ್ಪೇನು? ಆದರೆ ನಾವಿಕರನ್ನು ಭಾರತದ ನೌಕಾದಳವೂ ತೆಗೆದುಕೊಳ್ಳಲಿಲ್ಲ, ಪಾಕಿಸ್ತಾನದ ನೌಕಾದಳವೂ ತೆಗೆದುಕೊಳ್ಳಲಿಲ್ಲ. ಆಜಾದ್ ಹಿಂದ್ ಸೈನಿಕರ ವಿಷಯದಲ್ಲಿ 1948ರಲ್ಲಿ ನೆಹರೂ ಸರ್ಕಾರ ತನ್ನ ತೀರ್ಮಾನ ತಿಳಿಸಿತು: ಇತರ ಸರ್ಕಾರಿ ಕೆಲಸಗಳಿಗೆ ಅಡ್ಡಿಯಿಲ್ಲ, ಸೇನೆಗೆ ಮರಳಿ ಸೇರಿಸುವುದಿಲ್ಲ. ಸೇವೆಯಲ್ಲಿ ಬಿದ್ದ ದೀರ್ಘ ಅಂತರ ಒಂದು ಕಾರಣ. ಸೇನೆಯೊಳಗಿನ ಒಗ್ಗಟ್ಟು ಕೆಡಬಹುದೆಂಬ ಆತಂಕ ಇನ್ನೊಂದು. ಕೆಂಪುಕೋಟೆಯಲ್ಲಿ ಗೌನು ತೊಟ್ಟವರೇ ಈ ಮಾತನ್ನು ಹೇಳಬೇಕಾಗಿ ಬಂದುದು ಚರಿತ್ರೆಯ ವಿಪರ್ಯಾಸ.

ಆ ಆತಂಕ ಎಂಥದೆಂದು ಅರಿಯಲು ನಮ್ಮ ನೆರೆಯ ಕೊಡಗಿನ ಒಂದು ಮನೆಯನ್ನು ನೋಡಿದರೆ ಸಾಕು. ಜನರಲ್ ತಿಮ್ಮಯ್ಯ ಬ್ರಿಟಿಷ್ ಭಾರತೀಯ ಸೇನೆಯ ಅಧಿಕಾರಿಯಾಗಿ ಬರ್ಮಾದಲ್ಲಿ ಜಪಾನೀಯರ ವಿರುದ್ಧ ಹೋರಾಡಿದವರು. ಅವರ ಅಣ್ಣ ಪೊನ್ನಪ್ಪ ಆಜಾದ್ ಹಿಂದ್ ಫೌಜಿನಲ್ಲಿದ್ದರು. ತಮ್ಮ ಸೋಮಯ್ಯ ಜಮ್ಮು ಕಾಶ್ಮೀರದ ಕಾರ್ಯಾಚರಣೆಯಲ್ಲಿ ನೆಲಬಾಂಬಿಗೆ ಬಲಿಯಾದರು. ತಿಮ್ಮಯ್ಯನವರು 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಒಂದೇ ಮನೆಯ ಮಕ್ಕಳು ಎರಡು ಪಾಳೆಯಗಳಲ್ಲಿ! ಮನೆಯಲ್ಲಿ ಇದನ್ನು ನುಂಗಿಕೊಳ್ಳಬಹುದು. ಒಂದೇ ಬ್ಯಾರಕ್ಕಿನಲ್ಲಿ, ಒಬ್ಬನ ಬಡ್ತಿಯ ಮೇಲೆ ಇನ್ನೊಬ್ಬನ ಹಿರಿತನ ಕೂತಾಗ, ಅಷ್ಟು ಸುಲಭವಲ್ಲ ಎಂಬುದು ಸೇನೆಯ ವಾದ.

ವಾದ ಏನೇ ಇರಲಿ, ಅನುಭವಸ್ಥ ಸೈನಿಕ ಕೈಕಟ್ಟಿ ಕೂರುವುದಿಲ್ಲ. ಪಾಕಿಸ್ತಾನಕ್ಕೆ ಹೋದ ಮೊಹಮ್ಮದ್ ಜಮಾನ್ ಕಿಯಾನಿ ಎಂಬ ಆಜಾದ್ ಹಿಂದ್ ಸೇನಾನಿ 1947ರ ಕಾಶ್ಮೀರ ಯುದ್ಧದಲ್ಲಿ ಆ ಕಡೆಯ ಪಡೆಗಳನ್ನು ನಡೆಸಿದರು. ಇತ್ತ ಶಾ ನವಾಜ್ ಖಾನ್ ಭಾರತದಲ್ಲೇ ಉಳಿದು ರಾಜಕಾರಣಕ್ಕೆ ಬಂದು ಕೇಂದ್ರದಲ್ಲಿ ಮಂತ್ರಿಯಾದರು. ಪ್ರೇಮ್ ಸಹಗಲ್ ಪಾಲಕ್ಕಾಡಿನ ಆನಕ್ಕರ ಮನೆತನದ ಕ್ಯಾಪ್ಟನ್ ಲಕ್ಷ್ಮಿಯವರನ್ನು 1947ರಲ್ಲಿ ಮದುವೆಯಾಗಿ ಕಾನ್ಪುರದಲ್ಲಿ ನೆಲೆಸಿದರು. ಲಕ್ಷ್ಮಿಯವರು ಅಲ್ಲಿ ದಶಕಗಳ ಕಾಲ ಬಡವರಿಗೆ ವೈದ್ಯೆಯಾಗಿದ್ದರು. ನಾವಿಕ ಬಿ. ಸಿ. ದತ್ ಪತ್ರಕರ್ತರಾದರು, 1971ರಲ್ಲಿ ತಮ್ಮ ಕಥೆಯನ್ನು ಪುಸ್ತಕವಾಗಿ ಬರೆದರು.

ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ, 1972ರಲ್ಲಿ, ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಜಾರಿಗೆ ಬಂತು. ಆಜಾದ್ ಹಿಂದ್ ಸೈನಿಕರೂ ನೌಕಾ ಬಂಡಾಯದವರೂ ಕ್ರಮೇಣ ಅದರ ವ್ಯಾಪ್ತಿಗೆ ಬಂದರು. ಇಲ್ಲಿ ಒಂದು ಸೂಕ್ಷ್ಮವಿದೆ, ಬ್ಯಾಂಕಿನವನ ಕಣ್ಣಿಗೆ ಅದು ಬೇಗ ಬೀಳುತ್ತದೆ. ಹಣ ಬಂದದ್ದು ಸೈನಿಕನೆಂಬ ಲೆಕ್ಕದಲ್ಲಲ್ಲ, ಹೋರಾಟಗಾರನೆಂಬ ಲೆಕ್ಕದಲ್ಲಿ. ಹೊಸ ಶೀರ್ಷಿಕೆಯಡಿ ಹೊಸ ಖಾತೆ ತೆರೆಯಿತು. ಹಳೆಯ ಖಾತೆ ಮುಚ್ಚಿದಂತೆಯೇ ಇತ್ತು. ನೌಕಾದಳ ಮುಂದೆ ತನ್ನ ಎರಡು ಟಗ್ ಹಡಗುಗಳಿಗೆ ದತ್ ಮತ್ತು ಮದನ್ ಸಿಂಗ್ ಅವರ ಹೆಸರಿಟ್ಟಿತು. 2019ರ ಗಣರಾಜ್ಯೋತ್ಸವದ ಕವಾಯತಿನಲ್ಲಿ ತೊಂಬತ್ತು ದಾಟಿದ ನಾಲ್ವರು ಆಜಾದ್ ಹಿಂದ್ ಸೈನಿಕರು ಮೊದಲ ಬಾರಿಗೆ ಪಾಲ್ಗೊಂಡರು. ಗೌರವ ಸಂದಿತು, ಕೆಲಸ ಮರಳಿ ಬರಲಿಲ್ಲ.

ದೇಶಕ್ಕಾಗಿ ನಿಂತವರಿಗೇ ಹೀಗಾದರೆ, ಕುಡಿತಕ್ಕೋ ರಜೆ ಮೀರಿದ್ದಕ್ಕೋ ಹೊರಬಿದ್ದವನಿಗೆ ಯಾವ ದಾರಿ? 1950ರ ಸೇನಾ ಕಾಯಿದೆಯಲ್ಲಿ ವಜಾ ಬೇರೆ, ಬಿಡುಗಡೆ ಬೇರೆ. ವಜಾ ಆದವನಿಗೆ ಸಾಮಾನ್ಯವಾಗಿ ಪಿಂಚಣಿಯೂ ಇಲ್ಲ. ಮಾಜಿ ಸೈನಿಕರನ್ನು ಮತ್ತೆ ತೆಗೆದುಕೊಳ್ಳುವ ಡಿಫೆನ್ಸ್ ಸೆಕ್ಯುರಿಟಿ ಕೋರ್‌ನ ಕೇಂದ್ರ ನಮ್ಮ ಕಣ್ಣೂರಿನಲ್ಲೇ ಇದೆ. ಆದರೆ ಅಲ್ಲಿಯೂ ಮೊದಲು ನೋಡುವುದು ನಡತೆಯ ದಾಖಲೆಯನ್ನೇ. ಹಳೆಯ ಸೇವೆಯನ್ನು ಮುಚ್ಚಿಟ್ಟು ಹೊಸಬನಂತೆ ಭರ್ತಿಯಾಗುವ ಉಪಾಯ ಹೇಳಿಕೊಡುವವರಿದ್ದಾರೆ. ಭರ್ತಿಯ ಅರ್ಜಿಯಲ್ಲಿ ಬೇಕೆಂದೇ ಸುಳ್ಳು ಉತ್ತರ ಕೊಟ್ಟರೆ ಕಾಯಿದೆಯ 44ನೇ ಕಲಮಿನಂತೆ ಐದು ವರ್ಷದವರೆಗೆ ಜೈಲು. ಆ ಮಾತಿಗೆ ಯಾರೂ ಕಿವಿಗೊಡಬಾರದು.

ಇರುವ ನೇರ ದಾರಿಯೆಂದರೆ ಕಾಗದವನ್ನೇ ಪ್ರಶ್ನಿಸುವುದು. 2007ರ ಕಾಯಿದೆಯಂತೆ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠಗಳು ಚೆನ್ನೈ, ಕೊಚ್ಚಿಗಳಲ್ಲಿವೆ. ದಾಖಲೆಯಲ್ಲಿ ನಾಲ್ಕು ಕೆಂಪು ಶಾಯಿಯ ನಮೂದುಗಳಿವೆ ಎಂಬ ಒಂದೇ ಕಾರಣಕ್ಕೆ, ವಿಚಾರಣೆಯಿಲ್ಲದೆ, ಸೇವಾವಧಿಯನ್ನೂ ಕಠಿಣ ಜಾಗಗಳಲ್ಲಿ ದುಡಿದದ್ದನ್ನೂ ಗಮನಿಸದೆ ಯಾಂತ್ರಿಕವಾಗಿ ಮನೆಗೆ ಕಳಿಸುವಂತಿಲ್ಲವೆಂದು ವೀರೇಂದ್ರ ಕುಮಾರ್ ದುಬೆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ಆದೇಶ ರದ್ದಾದರೆ ಮಾತ್ರ ಬಾಗಿಲು ತೆರೆದೀತು. ವಯಸ್ಸು ಮೀರಿದ್ದರೆ ಪಿಂಚಣಿಯಾದರೂ ಬಂದೀತು.

ಅದೇ ಸೇನಾ ಕಾಯಿದೆಯ 23ನೇ ಕಲಮನ್ನು ಗಡಿನಾಡಿನ ಓದುಗರು ತಿಳಿದಿರಬೇಕು. ಸೇವೆಯಿಂದ ಹೊರಬರುವ ಪ್ರತಿಯೊಬ್ಬ ಸಿಪಾಯಿಗೆ ಅವನ ಕಮಾಂಡಿಂಗ್ ಅಧಿಕಾರಿ ಪ್ರಮಾಣಪತ್ರ ಕೊಡಬೇಕು; ಸೇವೆ ಕೊನೆಗೊಳಿಸಿದ ಅಧಿಕಾರಿ ಯಾರು, ಕಾರಣವೇನು, ಸೇವೆಯ ಅವಧಿ ಎಷ್ಟು ಎಂಬುದು ಅದರಲ್ಲಿರಬೇಕು; ಮತ್ತು ಅದು ಇಂಗ್ಲಿಷಿನ ಜೊತೆಗೆ ಸಿಪಾಯಿಯ ಮಾತೃಭಾಷೆಯಲ್ಲೂ ಇರಬೇಕು. ಕನ್ನಡಿಗನಿಗೆ ಕನ್ನಡದಲ್ಲಿ, ಮಲಯಾಳಿಗೆ ಮಲಯಾಳದಲ್ಲಿ, ಇಲ್ಲಿಯ ಹುಡುಗನಿಗೆ ತಮಿಳಿನಲ್ಲಿ. ಕೌಂಟರಿಗೆ ಬಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಆ ಕಾಗದ ತೆಗೆದು ನಿಮ್ಮ ಭಾಷೆಯಲ್ಲಿ ಕಾರಣ ಏನು ಬರೆದಿದೆ ಓದಿ, ಇಲ್ಲದಿದ್ದರೆ ಕೇಳಿ ಪಡೆಯಿರಿ. ವಕೀಲರ ಬಳಿಗೆ ಹೋಗುವುದು ಆಮೇಲಿನ ಮಾತು.