ಕೋವಿಯ ಒದೆತಕ್ಕೆ ಅಂಜುವ ಹೆಗಲು

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರ ಬಂತೆಂದರೆ ಕೈಲ್ ಪೊಳ್ದ್ ಹಬ್ಬದ ಸಡಗರ. ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸಿದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ನಡೆಯುತ್ತವೆ. ಹಿಂದೆ ಇದು ನಾಟಿ ಮುಗಿಸಿದ ರೈತರು ಬೇಟೆಗೆ ಹೊರಡುವ ಕಾಲವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಗೆ ತಡೆ ಬಿತ್ತು; ಗುರಿಯ ಆಟ ಉಳಿಯಿತು.

ಮೊದಲ ಸಲ ಕೋವಿ ಹಿಡಿದ ಹುಡುಗ ಗುಂಡು ಹಾರುವ ಮುನ್ನವೇ ಕಣ್ಣು ಮುಚ್ಚುತ್ತಾನೆ, ಹೆಗಲು ಬಿಗಿಯುತ್ತಾನೆ. ಸುತ್ತ ನಿಂತವರು ನಗುತ್ತಾರೆ. ಆದರೆ ಇದು ಹೇಡಿತನವೇ? ಸೈನ್ಯಗಳ ಇತಿಹಾಸ ನೀಡುವ ಉತ್ತರವೇ ಬೇರೆ.

ಗುಂಡು ಮುಂದಕ್ಕೆ ಚಿಮ್ಮಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಚಲನೆಯ ಮೂರನೆಯ ನಿಯಮ ಇದೇ. ಗುಂಡಿನ ತೂಕ ಮತ್ತು ವೇಗ ಹೆಚ್ಚಿದಷ್ಟೂ ಒದೆತ ಜೋರು. ಕೋವಿ ಭಾರವಾದಷ್ಟೂ ಅದು ಕಡಿಮೆ.

ಬ್ರಿಟಿಷ್ ಸೈನ್ಯ 1871ರಲ್ಲಿ ಒಪ್ಪಿಕೊಂಡ ಮಾರ್ಟಿನಿ-ಹೆನ್ರಿ ರೈಫಲ್ ಇದಕ್ಕೆ ಕುಖ್ಯಾತವಾಗಿತ್ತು. ಅದರ ಸೀಸದ ಗುಂಡು ಸುಮಾರು 31 ಗ್ರಾಂ. ರೈಫಲ್ಲಿನ ತೂಕ ನಾಲ್ಕು ಕಿಲೋಗಿಂತ ಕಡಿಮೆ. ಮದ್ದಿನ ಮಸಿ ನಳಿಕೆಯಲ್ಲಿ ಕಟ್ಟಿಕೊಂಡಂತೆ ಒದೆತ ಇನ್ನೂ ಹೆಚ್ಚುತ್ತಿತ್ತು. 1879ರ ಜನವರಿಯಲ್ಲಿ ದಕ್ಷಿಣ ಆಫ್ರಿಕದ ರೋರ್ಕ್ಸ್ ಡ್ರಿಫ್ಟ್‌ನಲ್ಲಿ ಜುಲು ಯೋಧರ ವಿರುದ್ಧ ರಾತ್ರಿಯವರೆಗೆ ಗುಂಡು ಹಾರಿಸಿದ ಸೈನಿಕರ ಹೆಗಲು ಕಪ್ಪಿಟ್ಟಿದ್ದವು. ಅವರನ್ನು ಹೇಡಿಗಳೆಂದು ಯಾರೂ ಕರೆಯಲಿಲ್ಲ.

ಪೆಟ್ಟು ತಿಂದ ದೇಹ ಮುಂದಿನ ಪೆಟ್ಟಿಗೆ ಮೊದಲೇ ಮುದುಡಿಕೊಳ್ಳುತ್ತದೆ. ಆ ಕ್ಷಣದಲ್ಲಿ ನಳಿಕೆ ಬಾಗಿ ಗುರಿ ತಪ್ಪುತ್ತದೆ. ಇದನ್ನು ಪತ್ತೆ ಹಚ್ಚಲು ತರಬೇತುದಾರರು ಒಂದು ಉಪಾಯ ಮಾಡುತ್ತಾರೆ. ಕಲಿಯುವವನಿಗೆ ತಿಳಿಸದೆ ನಿಜ ತೋಟಾಗಳ ನಡುವೆ ಹುಸಿ ತೋಟಾ ಇಡುತ್ತಾರೆ. ಸದ್ದಿಲ್ಲ, ಒದೆತವಿಲ್ಲ, ಆದರೂ ನಳಿಕೆ ಬಾಗುತ್ತದೆ! ತಪ್ಪು ಕೋವಿಯದಲ್ಲ, ತನ್ನ ನಿರೀಕ್ಷೆಯದು ಎಂದು ಆಗ ಅವನಿಗೇ ಅರಿವಾಗುತ್ತದೆ.

ಪರಿಹಾರ ಗದರಿಕೆಯಲ್ಲ, ಚಿಕ್ಕ ಗುಂಡು. 1880ರ ದಶಕದಲ್ಲಿ ಬಳಕೆಗೆ ಬಂದ ಮಾರಿಸ್ ಕೊಳವೆಯನ್ನು ದೊಡ್ಡ ರೈಫಲ್ಲಿನ ನಳಿಕೆಯೊಳಗೆ ತೂರಿಸಿ ಸಣ್ಣ ತೋಟಾ ಹಾರಿಸಬಹುದಿತ್ತು. ಖರ್ಚು ಉಳಿಸುವುದು, ಇಕ್ಕಟ್ಟಾದ ಜಾಗದಲ್ಲೇ ಅಭ್ಯಾಸ ಮಾಡಿಸುವುದು ಅದರ ಉದ್ದೇಶ. ಹೆಗಲಿಗೂ ಬಿಡುವು ಸಿಕ್ಕಿತು. ಮುಂದೆ ಆ ಕೆಲಸವನ್ನು ಪಾಯಿಂಟ್ 22 ರೈಫಲ್ ವಹಿಸಿಕೊಂಡಿತು. ಅದರ ಗುಂಡು ಸುಮಾರು ಎರಡೂವರೆ ಗ್ರಾಂ, ಅಂದರೆ ಮಾರ್ಟಿನಿ ಗುಂಡಿನ ಹನ್ನೆರಡನೇ ಒಂದು ಪಾಲು. 1948ರಲ್ಲಿ ಆರಂಭವಾದ ನಮ್ಮ ಎನ್‌ಸಿಸಿಯಲ್ಲಿ ಲಕ್ಷಾಂತರ ವಿದ್ಯಾರ್ಥಿಗಳು ಮೊದಲ ಗುಂಡು ಹಾರಿಸಿದ್ದು ಇದರಿಂದಲೇ.

ಬೇಟೆಗಾರನ ಅಂಜಿಕೆಗೆ ಇನ್ನೊಂದು ಮುಖವೂ ಇದೆ. ಗುರಿ ತಪ್ಪಿದರೆ ತೆಂಗಿನಕಾಯಿಗೆ ನೋವಿಲ್ಲ. ಗಾಯಗೊಂಡ ಪ್ರಾಣಿ ಕಾಡಿನಲ್ಲಿ ನರಳಿ ಸಾಯುತ್ತದೆ. ಬೇಟೆಗೆ ಅನುಮತಿಯಿರುವ ದೇಶಗಳಲ್ಲಿ ಹೊಸಬರಿಗೆ ಮೊದಲು ಕಡಿಮೆ ಒದೆತದ ಕೋವಿ ಕೊಡಬೇಕೆನ್ನುವುದು ಇದಕ್ಕಾಗಿಯೇ. ಕಿವಿ ಮುಚ್ಚಬೇಕು, ಕೋವಿಯ ಬುಡವನ್ನು ಹೆಗಲ ಗುಳಿಗೆ ಭದ್ರವಾಗಿ ಒತ್ತಿಕೊಳ್ಳಬೇಕು, ದಿನಕ್ಕೆ ಕೆಲವೇ ಗುಂಡು ಹಾರಿಸಬೇಕು.

ಪಂದ್ಯದ ಹುಡುಗನಿಗೂ ಬೇಕಿರುವುದು ಇಷ್ಟೆ. ಹನ್ನೆರಡು ಬೋರಿನ ಕೋವಿಯನ್ನು ಮೊದಲ ದಿನವೇ ಕೈಗಿತ್ತು ನಗುವ ಹಿರಿಯರು, ತಮ್ಮ ಹೆಗಲ ಮೊದಲ ನೋವನ್ನು ನೆನಪಿಸಿಕೊಂಡರೆ ಸಾಕು.